ಒಂಬತ್ತು ಅಂಕಿಗಳನ್ನು ಯಾರಿಗೆ ಕೊಟ್ಟೆ, ಯಾರಿಗೆ ಕೊಡಲಿಲ್ಲ

ಧಾರವಾಡದಿಂದ ಅಮೆರಿಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯವೊಂದಕ್ಕೆ ನಾನು ಹೋದದ್ದು ಜೆ-1 ವೀಸಾದ ಮೇಲೆ, ಸಂದರ್ಶಕ ಸಂಶೋಧಕಿಯಾಗಿ. ಮೆಕ್ಕೆಜೋಳದ ಕಾಂಡ ಕೊರೆಯುವ ಹುಳುವಿನ ಮೇಲೆ ಕೆಲಸ. ಅವಧಿ ಎರಡು ವರ್ಷಕ್ಕೂ ಕಡಿಮೆ. ಇಷ್ಟು ಅಲ್ಪಕಾಲಕ್ಕೆ ಹೋದರೂ ಅಲ್ಲಿ ಸಂಬಳ ಪಡೆಯುವುದಿದ್ದರೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಒಂಬತ್ತು ಅಂಕಿಗಳ ಸಂಖ್ಯೆ, ಬೇಕೇ ಬೇಕು. ಅದನ್ನು ಪಡೆಯುವುದು ಅಷ್ಟೇನೂ ಕಷ್ಟವಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೇ ನಿಜವಾಗಿ ತಿಳಿದುಕೊಳ್ಳಬೇಕಾದ ವಿಷಯ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ನಂಬರ್ ಮುಖ್ಯವಾಗಿ ಅಲ್ಲಿ ದುಡಿಯಲು ಅನುಮತಿ ಇರುವವರಿಗೆ. ಮಗಳ ಬಾಣಂತನಕ್ಕೆಂದು ಬಿ-2 ವೀಸಾದಲ್ಲಿ ಹೋಗುವ ತಂದೆತಾಯಿಗೆ ಅದು ಸಿಗುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಎಫ್-1 ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನಲ್ಲಿ ಕೆಲಸ ಗೊತ್ತಾದ ಮೇಲೆ ಸಿಗುತ್ತದೆ. ಜೆ-1 ಪಡೆದವರ ಕುಟುಂಬಕ್ಕೆ ಕೊಡುವ ಜೆ-2 ವೀಸಾದಲ್ಲಿ ಬಂದಿದ್ದ ನನ್ನ ಪತಿಯಂಥವರು ಮೊದಲು ಕೆಲಸದ ಪರವಾನಗಿ ಕಾರ್ಡ್ ಪಡೆಯಬೇಕು. ಅದಿಲ್ಲದವರಿಗೆ ‘ಇವರು ನಂಬರಿಗೆ ಅರ್ಹರಲ್ಲ’ ಎಂಬ ಪತ್ರವನ್ನು ಸೋಷಿಯಲ್ ಸೆಕ್ಯುರಿಟಿ ಕಚೇರಿಯೇ ಕೊಡುತ್ತದೆ. ಚಾಲನಾ ಪರವಾನಗಿಗೆ ಹಲವು ರಾಜ್ಯಗಳು ಆ ಪತ್ರವನ್ನು ಕೇಳುತ್ತವೆ.

ಅಮೆರಿಕಕ್ಕೆ ಕಾಲಿಟ್ಟ ಮರುದಿನವೇ ಅರ್ಜಿ ಹಿಡಿದು ಓಡುವುದರಲ್ಲಿ ಅರ್ಥವಿಲ್ಲ. ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಹೋಗಿ ಹಾಜರಿ ಹಾಕಿಸಬೇಕು. ನಾವು ದೇಶದೊಳಗೆ ಬಂದ ದಾಖಲೆ ಸರ್ಕಾರದ ಗಣಕದಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುವುದರಿಂದ ಹತ್ತು ದಿನ ಬಿಟ್ಟು ಬನ್ನಿ ಎಂದೇ ಹೇಳುತ್ತಾರೆ. ಆಮೇಲೆ ಎಸ್‌ಎಸ್-5 ಎಂಬ ಅರ್ಜಿ, ಪಾಸ್‌ಪೋರ್ಟ್, ದೇಶ ಪ್ರವೇಶಿಸಿದ್ದಕ್ಕೆ ಇರುವ ಐ-94 ದಾಖಲೆ, ಜೆ-1 ವೀಸಾಕ್ಕೆ ಆಧಾರವಾದ ಡಿಎಸ್-2019 ಪತ್ರ. ಪಾಸ್‌ಪೋರ್ಟ್, ಡಿಎಸ್-2019ಗಳ ಜೆರಾಕ್ಸ್ ನಡೆಯದು, ಮೂಲಪ್ರತಿಯನ್ನೇ ತೋರಿಸಬೇಕು. ಶುಲ್ಕವಿಲ್ಲ. ತಂದೆತಾಯಿಯ ನಂಬರ್ ಕೇಳುವ ಕಡೆ ‘ಗೊತ್ತಿಲ್ಲ’ ಎಂದು ಗುರುತು ಹಾಕಿದರಾಯಿತು.

ನಮ್ಮವರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಹೆಸರಿನಲ್ಲಿ. ನಾನು ಮೂಲತಃ ಹಾಸನದ ಕಡೆಯವಳು. ಉತ್ತರ ಕರ್ನಾಟಕದವರಿಗೆ ಇರುವಂತೆ ನಮಗೆ ಅಡ್ಡಹೆಸರು ಇರುವುದಿಲ್ಲ, ಹೆಸರಿನ ಮುಂದೆ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಕೊನೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟವರ ವೀಸಾದಲ್ಲಿ ಇರುವ ಒಂದೇ ಹೆಸರು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸೂಚನೆ ಅದು. ಆ ಮೂರಕ್ಷರ ಸಂಬಳದ ಚೀಟಿಗೂ ಬ್ಯಾಂಕಿಗೂ ವಿಮೆಗೂ ಹಿಂಬಾಲಿಸುತ್ತದೆ. ಹಾಗಾಗಿ ವೀಸಾ ಅರ್ಜಿಗಿಂತ ಮೊದಲೇ ಇನಿಷಿಯಲ್ ಬಿಡಿಸಿ, ತಂದೆಯ ಹೆಸರಾದ ಚಂದ್ರಶೇಖರ ಎಂಬುದನ್ನು ಕೊನೆಯ ಹೆಸರಾಗಿ ಬರೆಸಿದ್ದೆ. ಕಚೇರಿಯ ಕಿಟಕಿಯಲ್ಲಿದ್ದ ಮಹಿಳೆ ವಿವರಗಳನ್ನೆಲ್ಲ ದಾಖಲಿಸಿ ಒಂದು ಸಲ ನೋಡಿ ಎಂದರು. ಒಂದೊಂದೇ ಅಕ್ಷರವನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಓದಿದೆ. ‘ಶೇಖರ’ದಲ್ಲಿ ‘ಕೆ’ ಆದ ಮೇಲಿನ ‘ಎಚ್’ ಬಿಟ್ಟುಹೋಗಿತ್ತು. ಅಲ್ಲೇ ಸರಿಪಡಿಸಿದರು. ಅಲ್ಲಿ ತಪ್ಪಿದರೆ ಸಂಬಳದ ದಾಖಲೆ ಒಂದು ಹೆಸರಿನಲ್ಲಿ, ನಂಬರ್ ಇನ್ನೊಂದು ಹೆಸರಿನಲ್ಲಿ ಉಳಿದು ತೆರಿಗೆಯ ಹೊತ್ತಿಗೆ ತಲೆನೋವಾಗುತ್ತದೆ. ಅಲ್ಲಿ ಕಳೆಯುವ ಐದು ನಿಮಿಷಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಕಾರ್ಡ್ ಅಂಚೆಯಲ್ಲಿ ಬರುತ್ತದೆ. ನೀಲಿ ಛಾಯೆಯ ಕಾಗದದ ತುಂಡು; ಭಾವಚಿತ್ರವಿಲ್ಲ, ಜನ್ಮದಿನಾಂಕವಿಲ್ಲ, ವಿಳಾಸವೂ ಇಲ್ಲ. ನಮ್ಮಂಥ ತಾತ್ಕಾಲಿಕರ ಕಾರ್ಡಿನ ಮೇಲೆ, ಆಂತರಿಕ ಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಮಾನ್ಯ ಎಂಬ ಸಾಲು ಅಚ್ಚಾಗಿರುತ್ತದೆ. ಲ್ಯಾಮಿನೇಶನ್ ಮಾಡಿಸಬಾರದು, ಪರ್ಸಿನಲ್ಲಿ ಇಟ್ಟುಕೊಂಡು ತಿರುಗಬಾರದು.

ಆಧಾರ್ ಜೆರಾಕ್ಸ್ ಅನ್ನು ಲಾಡ್ಜಿಗೂ ಸಿಮ್ ಅಂಗಡಿಗೂ ಕೊಟ್ಟು ನಮಗೆ ರೂಢಿಯಾಗಿಬಿಟ್ಟಿದೆ. ಅಮೆರಿಕದಲ್ಲಿ ಆ ರೂಢಿಯನ್ನು ಪೂರ್ತಿ ಬಿಡಬೇಕು. ಬೇರೊಬ್ಬರ ನಂಬರ್, ಹೆಸರು, ಜನ್ಮದಿನಾಂಕ ಸಿಕ್ಕರೆ ಅವರ ಹೆಸರಿನಲ್ಲಿ ಸಾಲ ಎತ್ತುವವರು ಅಲ್ಲಿದ್ದಾರೆ. ನಾನು ನಂಬರ್ ಕೊಟ್ಟದ್ದು ಸಂಬಳ ವಿಭಾಗಕ್ಕೆ ಮತ್ತು ತೆರಿಗೆಯ ಕಾಗದಗಳಿಗೆ. ಬ್ಯಾಂಕ್ ಖಾತೆ ಅದಕ್ಕೂ ಮೊದಲೇ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ತೆರೆದಿತ್ತು. ವಿದೇಶೀಯರ ಗುರುತಿಗೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಒಪ್ಪಿಕೊಳ್ಳಲು ಅಲ್ಲಿನ ನಿಯಮ ಬ್ಯಾಂಕುಗಳಿಗೆ ಅವಕಾಶ ಕೊಡುತ್ತದೆ. ಮೊಬೈಲಿಗೆ ಪ್ರೀಪೇಯ್ಡ್ ತೆಗೆದುಕೊಂಡೆ. ಹಲ್ಲಿನ ವೈದ್ಯರ ಫಾರಂನಲ್ಲಿ ಆ ಜಾಗವನ್ನು ಖಾಲಿ ಬಿಟ್ಟೆ, ಯಾರೂ ಮರುಮಾತಾಡಲಿಲ್ಲ.

ಮನೆ ಬಾಡಿಗೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಜಗ್ಗಾಟವಾಯಿತು. ಮನೆಯ ಮಾಲೀಕರು ಸಾಲದ ಇತಿಹಾಸ ನೋಡಬೇಕು, ನಂಬರ್ ಕೊಡಿ ಎಂದರು. ‘ಈಗಷ್ಟೇ ಬಂದವಳಿಗೆ ಇಲ್ಲಿ ಸಾಲದ ಇತಿಹಾಸವೇ ಇಲ್ಲ, ನೋಡಿದರೂ ನಿಮಗೆ ಏನೂ ಸಿಗುವುದಿಲ್ಲ’ ಎಂದು ವಿವರಿಸಿ, ಸಂಬಳ ನಮೂದಿಸಿದ ನೇಮಕಾತಿ ಪತ್ರವನ್ನೂ ಡಿಎಸ್-2019 ಅನ್ನೂ ತೋರಿಸಿ, ಒಂದು ತಿಂಗಳ ಹೆಚ್ಚುವರಿ ಠೇವಣಿ ಕೊಡಲು ಒಪ್ಪಿದೆ. ಅವರೂ ಒಪ್ಪಿದರು. ಯಾರೇ ಕೇಳಲಿ, ಏಕೆ ಬೇಕು, ಯಾವ ಕಾನೂನಿನ ಪ್ರಕಾರ ಕೇಳುತ್ತಿದ್ದೀರಿ, ಬದಲಿಗೆ ಬೇರೇನು ಕೊಡಬಹುದು ಎಂದು ಸಮಾಧಾನವಾಗಿ ಕೇಳುವುದು ಅಲ್ಲಿ ಒರಟುತನವೇನಲ್ಲ.

ನಿಮ್ಮ ನಂಬರ್ ಅಮಾನತಾಗಿದೆ, ಬಂಧನದ ವಾರಂಟ್ ಇದೆ ಎಂದು ಹೆದರಿಸುವ ಕರೆಗಳೂ ಬರುತ್ತವೆ. ಸರ್ಕಾರ ಯಾರ ನಂಬರನ್ನೂ ಅಮಾನತು ಮಾಡುವುದಿಲ್ಲ. ಫೋನ್ ಇಟ್ಟುಬಿಡಿ.

ಇನ್ನು ಹಣದ ಮಾತು. ಮೊದಲ ಸಂಬಳದ ಚೀಟಿಯಲ್ಲಿ ನಿವೃತ್ತಿ ವೇತನ ಕೊಡುವ ಸೋಷಿಯಲ್ ಸೆಕ್ಯುರಿಟಿಗೆಂದು ಶೇ. 6.2, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆಂದು ಶೇ. 1.45 ಕಡಿತವಾಗಿತ್ತು. ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾಗಿರುವ ಜೆ-1 ಸಂಶೋಧಕರಿಗೆ ಈ ಎರಡೂ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಎರಡು ಕ್ಯಾಲೆಂಡರ್ ವರ್ಷ ಹಾಗೆ ನಡೆಯುತ್ತದೆ; ಡಿಸೆಂಬರಿನಲ್ಲಿ ಬಂದಿಳಿದರೆ ಆ ಒಂದು ತಿಂಗಳೇ ಒಂದು ವರ್ಷವೆಂದು ಲೆಕ್ಕ. ಸಾಧ್ಯವಿದ್ದರೆ ಜನವರಿಯಲ್ಲಿ ಹೋಗುವುದು ಲೇಸು. ವೀಸಾದ ಪ್ರತಿಯೊಂದಿಗೆ ಬರೆದುಕೊಟ್ಟ ಮೇಲೆ ಕಡಿತ ನಿಂತಿತು, ಕಡಿದದ್ದೂ ಮರಳಿತು. ಉದ್ಯೋಗದಾತರು ಮರಳಿಸದಿದ್ದರೆ ಫಾರಂ 843 ತುಂಬಿ ತೆರಿಗೆ ಇಲಾಖೆಯನ್ನೇ ಕೇಳಬಹುದು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಬೋಧಕರಿಗೂ ಸಂಶೋಧಕರಿಗೂ ಎರಡು ವರ್ಷದವರೆಗೆ ಆದಾಯ ತೆರಿಗೆಯಿಂದಲೂ ವಿನಾಯಿತಿ ಕೊಡುತ್ತದೆ. ಅದಕ್ಕೆ ಫಾರಂ 8233, ಅದರಲ್ಲಿ ಈ ನಂಬರ್.

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಹೋದವರಿಗೆ ಈ ಭಾಗ್ಯವಿಲ್ಲ. ಟೆಕ್ಸಾಸಿನಲ್ಲಿದ್ದ ನನ್ನ ಭಾವನವರು ಐದಾರು ವರ್ಷ ಕಟ್ಟಿ ಊರಿಗೆ ಮರಳಿದರು. ನಿವೃತ್ತಿ ವೇತನಕ್ಕೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ. ಎರಡೂ ದೇಶಗಳ ದುಡಿಮೆಯ ಅವಧಿಯನ್ನು ಕೂಡಿಸಿ ಎಣಿಸುವ ಒಪ್ಪಂದ ಅಮೆರಿಕಕ್ಕೆ ಹಲವು ದೇಶಗಳೊಂದಿಗೆ ಇದೆ, ಭಾರತದೊಂದಿಗೆ ಇಲ್ಲ. ದುಡಿದವರ ಬೆವರಿನ ಹಣ ಹೀಗೆ ಕೈತಪ್ಪುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹೊರಡುವ ಮುನ್ನ ಜನರ ಸಾಲದ ಇತಿಹಾಸವನ್ನು ದಾಖಲಿಸುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಸಂಸ್ಥೆಗಳು ಮೂರರಲ್ಲೂ, ನನ್ನ ಹೆಸರಿನಲ್ಲಿ ಬೇರೆಯವರು ಸಾಲ ಎತ್ತದಂತೆ, ನನ್ನ ಸಾಲದ ಕಡತವನ್ನು ಸ್ಥಗಿತಗೊಳಿಸಿದೆ. 2018ರಿಂದ ಇದು ಉಚಿತ. ಅಲ್ಲಿನ ಮೊಬೈಲ್ ಮತ್ತು ವಿಳಾಸ ಇರುವಾಗಲೇ ಮಾಡಿಕೊಂಡರೆ ಸಲೀಸು. ನಂಬರ್ ಮಾತ್ರ ಜೀವನಪೂರ್ತಿ ನಮ್ಮದೇ. ಮತ್ತೆ ಹೋದರೂ ಅದೇ, ಹೊಸದಕ್ಕೆ ಅರ್ಜಿ ಹಾಕುವಂತಿಲ್ಲ. ಮರುವರ್ಷ ಬರುವ ಡಬ್ಲ್ಯು-2, ಅಂದರೆ ವರ್ಷದ ಸಂಬಳ ಮತ್ತು ಕಡಿತದ ವಿವರಪತ್ರ, ತಲುಪಲೆಂದು ವಿಶ್ವವಿದ್ಯಾಲಯಕ್ಕೆ ಧಾರವಾಡದ ವಿಳಾಸ ಕೊಟ್ಟು ಬಂದೆ. ಅನಿವಾಸಿಗಳು ಕೇಂದ್ರ ತೆರಿಗೆಗೆ ಸಲ್ಲಿಸುವ 1040-ಎನ್‌ಆರ್ ಮತ್ತು 8843 ಫಾರಂಗಳನ್ನು ಇಲ್ಲಿಂದಲೇ ತುಂಬಿ ಕಳುಹಿಸಿದೆ. ಗಡುವು ಏಪ್ರಿಲ್ 15. ಅಯೋವಾದ ರಾಜ್ಯ ತೆರಿಗೆಯ ವಿವರ ಬೇರೆಯೇ ಸಲ್ಲಿಸಬೇಕು, ಅದಕ್ಕೆ ಏಪ್ರಿಲ್ 30ರವರೆಗೆ ಸಮಯವಿದೆ. ಊರಿಗೆ ಬಂದವರು ಹೆಚ್ಚಾಗಿ ಮರೆಯುವುದು ಈ ಎರಡನೆಯದನ್ನೇ.