ವ್ಯಾಯಾಮ ಶುರು ಮಾಡುವುದಿರಲಿ, ಆರನೇ ವಾರ ಮುಟ್ಟುವುದು ಹೇಗೆ?

ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಒಂದು ಬುಧವಾರ ಕಚೇರಿಯ ಮೆಟ್ಟಿಲುಗಳನ್ನು ಹಿಂದುಹಿಂದಾಗಿ ಇಳಿಯುತ್ತಿದ್ದರು. ಎರಡೂ ಕೈಗಳಲ್ಲಿ ಕಂಬಿ, ಮುಖದ ತುಂಬ ಮುಜುಗರ. ವಿಚಾರಿಸಿದರೆ, ಹದಿನೈದು ವರ್ಷಗಳ ಮೇಲೆ ಸೋಮವಾರ ಬೆಳಿಗ್ಗೆ ಮೊದಲ ಬಾರಿ ಓಡಿದ್ದರಂತೆ. ಅದೂ ಸಾಲದೆಂದು ಬಂದವರೇ ನೂರು ಬಸ್ಕಿ ಹೊಡೆದಿದ್ದರಂತೆ. ಮುಂದಕ್ಕೆ ಮುಖ ಮಾಡಿ ಇಳಿದರೆ ತೊಡೆ ಹಿಡಿದುಕೊಳ್ಳುತ್ತಿತ್ತು, ಹಿಂದಕ್ಕೆ ಇಳಿದರೆ ಹೇಗೋ ಸಹಿಸಬಹುದಿತ್ತು. ಆ ವಾರವೇ ಅವರ ಹೊಸ ಬೂಟು ಕಪಾಟು ಸೇರಿತು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಈ ಗಾದೆ ವ್ಯಾಯಾಮ ಶುರು ಮಾಡುವವರನ್ನು ನೋಡಿಯೇ ಹುಟ್ಟಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸೋಮಾರಿತನದಿಂದ ವ್ಯಾಯಾಮ ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಮೊದಲ ವಾರ ಅತಿಯಾಗಿ ಮಾಡಿ, ಎರಡನೇ ವಾರ ನರಳಿ, ಮೂರನೇ ವಾರ ‘ನಮ್ಮ ದೇಹಕ್ಕೆ ಇದು ಒಗ್ಗುವುದಿಲ್ಲ’ ಎಂದು ತೀರ್ಮಾನಿಸಿದವರೇ ಹೆಚ್ಚು. ಆದ್ದರಿಂದ ಇಲ್ಲಿ ಶುರು ಮಾಡುವುದರ ಬಗ್ಗೆ ಸ್ವಲ್ಪ, ಕೈಬಿಡದೆ ಮುಂದುವರಿಸುವುದರ ಬಗ್ಗೆ ಹೆಚ್ಚು ಹೇಳುತ್ತೇನೆ.

ವ್ಯಾಯಾಮ ಏಕೆ ಬೇಕು ಎಂದು ಕೇಳುವವರಿಗೆ ನಾನು ಲಂಡನ್ನಿನ ಬಸ್ಸುಗಳ ಕಥೆ ಹೇಳುತ್ತೇನೆ. ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ಅಲ್ಲಿನ ಬಸ್ ಸಿಬ್ಬಂದಿಯ ಆರೋಗ್ಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ ಕೊಡುತ್ತಾ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ನಿರ್ವಾಹಕರಲ್ಲಿ ಕಡಿಮೆ ಕಂಡಿತು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಆಮೇಲೆ ಅವರ ಸಮವಸ್ತ್ರದ ದಾಖಲೆ ತೆಗೆಸಿ ನೋಡಿದರೆ ಚಾಲಕರ ಪ್ಯಾಂಟಿನ ಸೊಂಟದ ಅಳತೆಯೂ ದೊಡ್ಡದಿತ್ತು! ಅಂದರೆ ಎಲ್ಲ ವ್ಯತ್ಯಾಸಕ್ಕೂ ಮೆಟ್ಟಿಲೊಂದೇ ಕಾರಣ ಎಂದು ಹೇಳುವಂತಿರಲಿಲ್ಲ. ಆದರೂ ಮುಂದೆ ನಡೆದ ಅನೇಕ ಅಧ್ಯಯನಗಳು ಬೊಟ್ಟು ಮಾಡಿದ್ದು ಅದೇ ದಿಕ್ಕಿಗೆ. ಆ ನಿರ್ವಾಹಕರು ‘ವ್ಯಾಯಾಮ’ ಎಂದು ಏನನ್ನೂ ಮಾಡುತ್ತಿರಲಿಲ್ಲ ಎಂಬುದೇ ನನಗೆ ಇಷ್ಟವಾದ ಅಂಶ.

ಹಂತ 1: ವೈದ್ಯರನ್ನು ಕೇಳಬೇಕಾದವರು ಕೇಳಿ

ನಡೆಯುವಾಗ ಎದೆ ಬಿಗಿದ ಅನುಭವ ಆಗಿದ್ದರೆ, ತಲೆಸುತ್ತಿ ಬಿದ್ದಿದ್ದರೆ, ಹೃದಯದ ತೊಂದರೆ ಇದ್ದರೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ವೈದ್ಯರ ಮಾತು, ಆಮೇಲೆ ಉಳಿದದ್ದು. ಮಿಕ್ಕವರು ನಿಧಾನ ನಡಿಗೆಗೆ ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ.

ಹಂತ 2: ಒಂದು ಜೊತೆ ಬೂಟು, ಒಂದು ಪುಟ್ಟ ಪುಸ್ತಕ

ಬೂಟನ್ನು ಸಂಜೆ ಕೊಳ್ಳಿ. ಹೊತ್ತು ಏರಿದಂತೆ ಪಾದ ಸ್ವಲ್ಪ ಊದುತ್ತದೆ. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ‘ಹಾಕಿ ಹಾಕಿ ಸಡಿಲವಾಗುತ್ತದೆ’ ಎನ್ನುವ ಮಾರಾಟಗಾರನ ಮಾತಿಗೆ ಕಿವಿಗೊಡಬೇಡಿ. ಲೆಕ್ಕ ಬರೆದಿಡುವ ಪುಸ್ತಕ ಯಾವುದಾದರೂ ಆದೀತು.

ಇಷ್ಟೇ ಸಾಕು. ಸೊಂಟಕ್ಕೆ ಬಿಗಿದು ಬೆವರು ಹರಿಸುವ ಪಟ್ಟಿಯನ್ನು ದಯವಿಟ್ಟು ಕೊಳ್ಳಬೇಡಿ. ಅದು ಇಳಿಸುವುದು ನೀರನ್ನು. ಎರಡು ಲೋಟ ನೀರು ಕುಡಿದರೆ ಆ ತೂಕ ವಾಪಸ್. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆ ಎಂಬುದೂ ಅದೇ ಜಾತಿಯ ಭರವಸೆ. ಕೊಬ್ಬನ್ನು ಎಲ್ಲಿಂದ ತೆಗೆಯಬೇಕೆಂದು ದೇಹ ನಮ್ಮನ್ನು ಕೇಳುವುದಿಲ್ಲ.

ಹಂತ 3: ಹೊತ್ತು ಗೊತ್ತು ಮಾಡಿ

ಬೆಳಿಗ್ಗೆಯೋ ಸಂಜೆಯೋ ಎಂಬ ಚರ್ಚೆಯಲ್ಲಿ ಕಾಲ ಕಳೆಯಬೇಡಿ. ತಪ್ಪದೆ ಸಿಗುವ ಹೊತ್ತೇ ಒಳ್ಳೆಯ ಹೊತ್ತು.

ಹಂತ 4: ಮೊದಲ ಎರಡು ವಾರ ಬರೀ ನಡಿಗೆ

ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ. ವೇಗಕ್ಕೆ ಯಂತ್ರದ ಅಳತೆ ಬೇಡ, ಬಾಯಿಯೇ ಸಾಕು. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲು ಬರುತ್ತಿದ್ದರೆ ಹೆಜ್ಜೆ ಚುರುಕಾಗಲಿ. ನಾಲ್ಕು ಮಾತಿಗೇ ಉಸಿರು ಸಿಕ್ಕಿಕೊಳ್ಳುತ್ತಿದ್ದರೆ ನಿಧಾನಿಸಿ.

ಹದಿನೈದು ನಿಮಿಷದಲ್ಲಿ ಏನಾದೀತು ಎಂಬ ತಾತ್ಸಾರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗದಿದ್ದರೆ ಲೆಕ್ಕಕ್ಕಿಲ್ಲ ಎಂಬ ಹಳೆಯ ಷರತ್ತನ್ನು ಅದು 2020ರಲ್ಲಿ ಕೈಬಿಟ್ಟಿತು. 150 ನಾವು ಮುಟ್ಟಬೇಕಾದ ಊರು. ಮೊದಲ ದಿನವೇ ಅಲ್ಲಿ ಇಳಿಯಬೇಕಿಲ್ಲ.

ಇನ್ನು ಆ ಹತ್ತು ಸಾವಿರ ಹೆಜ್ಜೆ. ಅದು ವೈದ್ಯರ ಚೀಟಿಯಿಂದ ಬಂದ ಸಂಖ್ಯೆಯಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಬಂದದ್ದು; ‘ಮಾನ್‌ಪೋಕೆ’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ದುಂಡನೆಯ ಸಂಖ್ಯೆ, ಕೇಳಲು ಚೆನ್ನಾಗಿದೆ. ಮೊಬೈಲಿನಲ್ಲಿ ಆರು ಸಾವಿರ ತೋರಿಸಿತೆಂದು ರಾತ್ರಿ ಹನ್ನೊಂದಕ್ಕೆ ಹಜಾರದಲ್ಲಿ ಗಾಣದೆತ್ತಿನಂತೆ ಸುತ್ತುವವರನ್ನು ಕಂಡಿದ್ದೇನೆ. ಮಲಗಿಕೊಳ್ಳಿ. ನಿದ್ದೆಯೂ ದೇಹದ ಲೆಕ್ಕಕ್ಕೇ ಸೇರುತ್ತದೆ.

ಹಂತ 5: ಕುರ್ಚಿಯಿಂದ ಏಳುವುದನ್ನು ಕಲಿಯಿರಿ

ನಗಬೇಡಿ. ಮೂರನೇ ವಾರದಿಂದ ಕಾಲಿನ ಬಲಕ್ಕೆ ನಾನು ಹೇಳುವುದು ಇದೊಂದನ್ನೇ, ಮತ್ತು ಹತ್ತರಲ್ಲಿ ಎಂಟು ಮಂದಿ ಇದನ್ನು ತಪ್ಪಾಗಿಯೇ ಮಾಡುತ್ತಾರೆ.

ಚಕ್ರವಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಅಂಚಿನ ಕಡೆ ಸರಿದು ಕುಳಿತುಕೊಳ್ಳಿ. ಪಾದಗಳ ನಡುವೆ ಸೊಂಟದಗಲ ಅಂತರ ಇರಲಿ, ಬೆರಳುಗಳು ತುಸು ಹೊರಮುಖವಾಗಿರಲಿ. ಹಿಮ್ಮಡಿಯನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಏಳಲಾಗದೆ ಒದ್ದಾಡುವವರ ಅರ್ಧ ಕಷ್ಟ ಇಲ್ಲಿಯೇ ಮುಗಿಯುತ್ತದೆ. ಕೈಗಳನ್ನು ಎದೆಯ ಮೇಲೆ ಕಟ್ಟಿ, ಮೂಗು ಪಾದದ ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ. ಪೃಷ್ಠ ತಾನಾಗಿ ಹಗುರವಾಗುತ್ತದೆ. ಆಗ ಉಸಿರು ಬಿಡುತ್ತಾ ಏಳಿ. ಉಸಿರು ಕಟ್ಟಿ ತಿಣುಕಬೇಡಿ, ರಕ್ತದೊತ್ತಡ ತಟಕ್ಕನೆ ಏರುತ್ತದೆ.

ಈಗ ಕೂರುವುದು. ಏಳುವುದಕ್ಕಿಂತ ಇದೇ ಮುಖ್ಯ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಯಿರಿ. ಕುರ್ಚಿ ತಾಗಿದ್ದು ನಿಮಗೆ ಗೊತ್ತಾಗಬೇಕು, ಪಕ್ಕದ ಕೋಣೆಯವರಿಗೆ ಗೊತ್ತಾಗಬಾರದು. ‘ದಬ್’ ಎಂದು ಕುಸಿದರೆ ಅರ್ಧ ವ್ಯಾಯಾಮವನ್ನು ಕುರ್ಚಿಗೆ ದಾನ ಮಾಡಿದಂತೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದಕ್ಕೆ ಬಲ ಕೊಡುವುದೂ ಮರುದಿನ ನೋಯಿಸುವುದೂ ಈ ಇಳಿತವೇ. ನನ್ನ ಸಹೋದ್ಯೋಗಿ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿದದ್ದೂ ಇದೇ ಕಾರಣಕ್ಕೆ. ಮುಂದಕ್ಕೆ ಇಳಿಯುವಾಗ ಪ್ರತಿ ಮೆಟ್ಟಿಲೂ ಅವರ ನೊಂದ ತೊಡೆಗೆ ಅದೇ ಕೆಲಸವನ್ನು ಮತ್ತೆ ಹೇಳುತ್ತಿತ್ತು.

ಮೊಣಕಾಲುಗಳು ಒಂದನ್ನೊಂದು ನೋಡುವಂತೆ ಒಳಕ್ಕೆ ವಾಲುವುದು ಇಲ್ಲಿ ಸಾಮಾನ್ಯ ತಪ್ಪು. ಪಾದದಡಿ ಒಂದು ದಿನಪತ್ರಿಕೆ ಹಾಸಿದೆ ಎಂದುಕೊಳ್ಳಿ. ಅದು ನಡುವೆ ಹರಿಯುವ ಹಾಗೆ ಎರಡೂ ಪಾದಗಳಿಂದ ಹೊರಕ್ಕೆ ಒತ್ತಿ, ಪಾದ ಮಾತ್ರ ಜರುಗಬಾರದು. ಮೊಣಕಾಲು ನೆಟ್ಟಗಾಗುತ್ತದೆ. ಮೊಣಕಾಲು ಬೆರಳುಗಳನ್ನು ದಾಟಲೇಬಾರದು ಎಂಬ ಗದರಿಕೆಗೆ ಮಾತ್ರ ಹೆದರಬೇಡಿ. ಮೆಟ್ಟಿಲು ಇಳಿಯುವಾಗ ಎಲ್ಲರ ಮೊಣಕಾಲೂ ದಾಟುತ್ತದೆ.

ಎಷ್ಟು ಸಲ? ‘ಇನ್ನು ಮೂರು ಮಾಡಬಲ್ಲೆ’ ಅನ್ನಿಸಿದಾಗ ನಿಲ್ಲಿಸಿ. ಕೆಲವರಿಗೆ ಅದು ಐದು, ಕೆಲವರಿಗೆ ಹನ್ನೆರಡು. ಎರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು. ವಾರಕ್ಕೆ ಎರಡು ದಿನ, ಆ ದಿನಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ತೋಳಿಗೆ ಹೀಗೆಯೇ ಗೋಡೆಗೆ ಕೈಯೂರಿ ದಂಡ ಹೊಡೆಯಿರಿ. ಅದರಲ್ಲಿ ಹೇಳಿಕೊಡುವಂಥದ್ದು ಹೆಚ್ಚೇನೂ ಇಲ್ಲ.

ಹಂತ 6: ಮೂರನೇ ವಾರದ ಮೋಸ

ಎಲ್ಲರೂ ಎಡವುವುದು ಇಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ ಏದುಸಿರು ಕಡಿಮೆಯಾಗಿರುತ್ತದೆ. ಕಾಲಿಗೆ ಬಲ ಬಂದಂತೆಯೂ ಅನ್ನಿಸುತ್ತದೆ. ಆ ಬಲ ಸುಳ್ಳಲ್ಲ. ಆದರೆ ಮೊದಲ ವಾರಗಳಲ್ಲಿ ಸ್ನಾಯು ಅಷ್ಟಾಗಿ ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿತಿರುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಇನ್ನೂ ನಿಧಾನ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಓಡು’ ಎನ್ನುತ್ತದೆ, ಹಿಮ್ಮಡಿಯ ಮೇಲಿನ ರಜ್ಜು ‘ನಾನಿನ್ನೂ ಸಿದ್ಧವಿಲ್ಲ’ ಎನ್ನುತ್ತದೆ. ಉಸಿರಿನ ಮಾತು ಕೂಡಲೇ ಕೇಳಿಸುತ್ತದೆ. ರಜ್ಜಿನ ಮಾತು ಕೇಳಿಸುವುದು ವಾರ ಕಳೆದ ಮೇಲೆ, ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ.

ಆದ್ದರಿಂದ ನನ್ನ ನಿಯಮ ಇಷ್ಟು: ಅವಧಿ, ವೇಗ, ದಿನಗಳು — ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಮೂರನೇ ವಾರ ಹದಿನೈದು ನಿಮಿಷವನ್ನು ಇಪ್ಪತ್ತು ಮಾಡಿ, ಅದೂ ಎರಡು ದಿನ ಮಾತ್ರ. ನಾಲ್ಕನೇ ವಾರ ಐದೂ ದಿನ ಇಪ್ಪತ್ತು. ಐದನೇ ವಾರ ಇಪ್ಪತ್ತೈದು. ಆರನೇ ವಾರ ಮೂವತ್ತು. ಐದು ದಿನಕ್ಕೆ ಕೂಡಿದರೆ 150 ಆಯಿತು. ಓಡುವ ಚಪಲವಿದ್ದವರು ಅಲ್ಲಿಂದಾಚೆಗೆ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಲಿ. ಅದಕ್ಕೂ ಮೊದಲು ಬೇಡ.

ನೋವನ್ನು ಓದುವುದೂ ಈ ಹಂತದಲ್ಲಿಯೇ ಬರಬೇಕು. ಎಲ್ಲಿ ನೋವು ಎಂದು ಕೇಳಿದಾಗ ನಿಮ್ಮ ಕೈ ಏನು ಮಾಡುತ್ತದೆ ನೋಡಿಕೊಳ್ಳಿ. ಅಂಗೈಯಿಂದ ಇಡೀ ತೊಡೆ ಸವರಿ ‘ಇಲ್ಲೆಲ್ಲ’ ಎಂದರೆ, ಎರಡೂ ಕಾಲಿನಲ್ಲಿ ಒಂದೇ ಬಗೆಯ ನೋವಿದ್ದು ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ, ಅದು ಬಹುಮಟ್ಟಿಗೆ ಹೊಸ ಶ್ರಮದ ಮೈಕೈ ನೋವು. ಒಂದರಿಂದ ಮೂರು ದಿನದೊಳಗೆ ತಾರಕಕ್ಕೇರಿ ಇಳಿಯುತ್ತದೆ. ಹಗುರವಾಗಿ ನಡೆಯಿರಿ. ಒಂದೇ ಕಡೆ, ಒಂದೇ ಬೆರಳಿನಿಂದ ‘ಇಲ್ಲೇ’ ಎಂದು ಮುಟ್ಟಿ ತೋರಿಸುವಂತಿದ್ದರೆ, ಕೀಲಿನಲ್ಲಿ ಚುಚ್ಚುತ್ತಿದ್ದರೆ, ಊತವಿದ್ದರೆ, ನಡೆದಷ್ಟೂ ಹೆಚ್ಚುತ್ತಿದ್ದರೆ ನಿಲ್ಲಿಸಿ, ತೋರಿಸಿ. ವಿಪರೀತ ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು. ಎದೆಯ ಒತ್ತಡ, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಅಲ್ಲಿಯೇ ಕುಳಿತು ಸಹಾಯಕ್ಕೆ ಕರೆಯಿರಿ.

ಈ ಮೈಕೈ ನೋವಿಗೆ ‘ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ’ ಎಂದು ಇಂದಿಗೂ ಹೇಳುವ ತರಬೇತುದಾರರಿದ್ದಾರೆ. ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ಮೂರನೇ ದಿನದ ನೋವಿಗೆ ಅದನ್ನು ದೂರಿ ಫಲವಿಲ್ಲ. ನೋವು ಬರದಿರಲೆಂದು ಮೊದಲೇ ಮಾತ್ರೆ ನುಂಗಿ ನಡೆಯಲು ಹೊರಡುವ ಅಡ್ಡದಾರಿಯಂತೂ ಕೆಟ್ಟದ್ದರಲ್ಲಿ ಕೆಟ್ಟದ್ದು. ಕಾವಲುಗಾರನಿಗೆ ನಿದ್ದೆ ಬರಿಸಿ ಬಾಗಿಲು ತೆರೆದಿಟ್ಟ ಹಾಗೆ.

ಹಂತ 7: ತಪ್ಪಿದ ದಿನ ತಪ್ಪಿತು

ಜ್ವರ, ಪ್ರಯಾಣ, ಮನೆಯ ಕೆಲಸ, ಏನಾದರೊಂದು ಬಂದೇ ಬರುತ್ತದೆ. ಮಂಗಳವಾರದ ಇಪ್ಪತ್ತು ನಿಮಿಷವನ್ನು ಬುಧವಾರಕ್ಕೆ ಸೇರಿಸಿ ನಲವತ್ತು ಮಾಡಬೇಡಿ. ಇದು ಬಡ್ಡಿ ಸಮೇತ ತೀರಿಸುವ ಸಾಲವಲ್ಲ. ಒಂದು ವಾರ ಪೂರ್ತಿ ತಪ್ಪಿದರೆ ಹಿಂದಿನ ವಾರದ ಅಳತೆಗೆ ಇಳಿದು ಶುರು ಮಾಡಿ. ಎರಡು ವಾರ ದಾಟಿದರೆ ಅರ್ಧಕ್ಕೆ ಇಳಿಯಿರಿ. ಹೀಗೆ ಇಳಿಯಲು ನಾಚುವವರೇ ಪೂರ್ತಿ ಬಿಟ್ಟುಬಿಡುವುದನ್ನು ನೋಡಿದ್ದೇನೆ.

ಹಂತ 8: ಅಳೆಯಿರಿ, ತೂಕದ ಯಂತ್ರದಲ್ಲಲ್ಲ

ಆರು ವಾರದಲ್ಲಿ ತೂಕ ಇಳಿಯಬಹುದು, ಇಳಿಯದೆಯೂ ಇರಬಹುದು. ಹೃದಯ, ರಕ್ತದೊತ್ತಡ, ನಿದ್ದೆಗೆ ಆಗುವ ಲಾಭ ಆ ಮುಳ್ಳಿಗೆ ಕಾಣುವುದಿಲ್ಲ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಎಳೆದುಕೊಳ್ಳಬಲ್ಲದು. ಅದೂ ಆ ಯಂತ್ರಕ್ಕೆ ತಿಳಿಯದು. ಅದರ ಬದಲು ಕುರ್ಚಿಯ ಏಳುಬೀಳು ಕಲಿತ ಮೊದಲ ದಿನ, ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಎದ್ದು ಕುಳಿತಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಆರನೇ ವಾರದ ಕೊನೆಗೆ ಅದೇ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ. ಎಣಿಕೆ ಏರದಿದ್ದರೆ ಮನೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಇನ್ನೊಮ್ಮೆ ಮಾಡಿ, ‘ದಬ್’ ಎಂದು ಕೇಳಿಸಿತೇ ಎಂದು ವಿಚಾರಿಸಿ.