ಬೇರೆ ದೇಶಗಳ ಜೊತೆ ಅಧ್ಯಯನಕ್ಕೆ ಸೇರುವ ಮುಂಚೆ ನಿಮ್ಮ ರಿಜಿಸ್ಟರ್ ತೆಗೆದು ನೋಡಿ

ಹದಿನಾಲ್ಕು ವರ್ಷ ಎನ್‌ಐಸಿಯುನಲ್ಲಿ, ಅಂದರೆ ದಿನ ತುಂಬದೆ ಹುಟ್ಟಿದ ಅಥವಾ ಕಾಯಿಲೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿದ್ದೆ. ಈಗ ಏಳು ವರ್ಷದಿಂದ ನಮ್ಮ ಘಟಕದ ಮಾಹಿತಿಯನ್ನು ಬೇರೆ ದೇಶಗಳ ಘಟಕಗಳ ಮಾಹಿತಿಯ ಜೊತೆ ಸೇರಿಸುವ ಕೆಲಸ ಮಾಡುತ್ತಿದ್ದೇನೆ. "ನಾವೂ ಇಂಥ ಅಧ್ಯಯನಕ್ಕೆ ಸೇರಬೇಕು, ಎಲ್ಲಿಂದ ಶುರು ಮಾಡೋದು?" ಅಂತ ತುಂಬಾ ಜನ ಕೇಳುತ್ತಾರೆ. ಹೆರಿಗೆ ಕೋಣೆಯ ರಿಜಿಸ್ಟರ್ ತನ್ನಿ, ಎನ್‌ಐಸಿಯು ರಿಜಿಸ್ಟರ್ ಪಕ್ಕದಲ್ಲಿಡಿ, ಎರಡನ್ನೂ ಸಾಲುಸಾಲಾಗಿ ತಾಳೆ ನೋಡಿ ಅನ್ನುತ್ತೇನೆ.

ನಾನು ಮೊದಲ ಸಲ ಹಾಗೆ ನೋಡಿದಾಗ ಹೆರಿಗೆ ಕೋಣೆಯ ಪುಸ್ತಕದಲ್ಲಿ ಒಂದು ಹೆಣ್ಣುಮಗು ಸಿಕ್ಕಿತು. ಗರ್ಭದ 24ನೇ ವಾರಕ್ಕೇ ಹುಟ್ಟಿದ್ದು, 610 ಗ್ರಾಂ, ಹುಟ್ಟಿದ ಮೇಲೆ 40 ನಿಮಿಷ ಬದುಕಿತ್ತು. ನಮ್ಮ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ನಮ್ಮ ಘಟಕದವರೆಗೆ ಬಂದೇ ಇರಲಿಲ್ಲವಲ್ಲ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.

ಇಂಥ ಮಕ್ಕಳನ್ನು ಬಿಟ್ಟರೆ ಲೆಕ್ಕವೇ ಕೆಡುತ್ತದೆ. ಒಂದು ದೇಶ ಜೀವಂತ ಹುಟ್ಟಿದ ಎಲ್ಲ ಮಕ್ಕಳನ್ನೂ ಎಣಿಸುತ್ತದೆ, ಇನ್ನೊಂದು ಎನ್‌ಐಸಿಯುಗೆ ಬಂದವರನ್ನು ಮಾತ್ರ. ಎರಡನೆಯ ಕಡೆ ಬದುಕುಳಿದವರು ಜಾಸ್ತಿ ಅಂತ ಕಾಣುತ್ತದೆ, ಆರೈಕೆ ಒಂದೇ ಥರ ಇದ್ದರೂ. 22ರಿಂದ 24 ವಾರದ ಮಕ್ಕಳಲ್ಲಂತೂ ಈ ಅಂತರ ದೊಡ್ಡದು. ಆದ್ದರಿಂದ ಯಾರನ್ನು ಎಣಿಸುತ್ತೇವೆ, ಎಲ್ಲಿಂದ ಎಣಿಸುತ್ತೇವೆ ಅನ್ನುವುದನ್ನು ಮೊದಲ ಸಭೆಯಲ್ಲೇ ಬರೆದಿಡಿ.

ಇಷ್ಟೆಲ್ಲ ಕಷ್ಟಪಟ್ಟು ಒಟ್ಟಾಗುವುದಾದರೂ ಯಾಕೆ? ಆಕ್ಸಿಜನ್ ವಿಷಯವನ್ನೇ ನೋಡಿ. 1940ರ ದಶಕದಲ್ಲಿ ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು. ಸಾವಿರಾರು ಮಕ್ಕಳ ಕಣ್ಣು ಹೋಯಿತು. ಆಮೇಲೆ ತೀರಾ ಕಡಿಮೆ ಮಾಡಿದರು, ಸಾವು ಹೆಚ್ಚಿತು. ಎಷ್ಟು ಕೊಟ್ಟರೆ ಸರಿ ಅನ್ನುವುದಕ್ಕೆ ದಶಕಗಳಾದರೂ ಉತ್ತರ ಸಿಗಲಿಲ್ಲ. ಕೊನೆಗೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಂಡಗಳು ನಡೆಸಿದ ಐದು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. 28 ವಾರಕ್ಕೆ ಮುಂಚೆ ಹುಟ್ಟಿದ ಸುಮಾರು 5,000 ಮಕ್ಕಳು. ಒಂದು ಗುಂಪಿಗೆ ರಕ್ತದಲ್ಲಿನ ಆಕ್ಸಿಜನ್ ಮಟ್ಟದ ಗುರಿ 85–89%, ಇನ್ನೊಂದಕ್ಕೆ 91–95%. 2018ರಲ್ಲಿ ಬಂದ ಫಲಿತಾಂಶದಲ್ಲಿ ಕಡಿಮೆ ಮಟ್ಟದ ಗುಂಪಿನಲ್ಲಿ ಸಾವು ಸುಮಾರು 20%, ಹೆಚ್ಚಿನ ಮಟ್ಟದಲ್ಲಿ 17%. ಕಣ್ಣಿನ ಚಿಕಿತ್ಸೆ ಬೇಕಾದವರು ಮಾತ್ರ ಕಡಿಮೆ ಮಟ್ಟದ ಗುಂಪಿನಲ್ಲೇ ಕಡಿಮೆ. ಸಾವಿನಲ್ಲಿ ನೂರಕ್ಕೆ ಸುಮಾರು ಮೂರು ಮಕ್ಕಳ ವ್ಯತ್ಯಾಸ! ವರ್ಷಕ್ಕೆ ಐವತ್ತು ಅರವತ್ತು ಮಕ್ಕಳನ್ನು ನೋಡುವ ಒಂದು ಆಸ್ಪತ್ರೆಗೆ ಇದು ಎಂದೂ ಕಾಣುವುದಿಲ್ಲ. ಏನನ್ನು, ಯಾವಾಗ ಅಳೆಯಬೇಕು ಅಂತ ಫಲಿತಾಂಶ ಗೊತ್ತಾಗುವ ಮೊದಲೇ ಮಾತಾಡಿಕೊಂಡಿದ್ದರಿಂದ ಐದನ್ನೂ ಸೇರಿಸಲು ಆಯಿತು.

ಹೀಗೆ ಮಾತಾಡಿಕೊಳ್ಳುವುದು ಸುಲಭ ಅಲ್ಲ. ನಾವು ಶುರು ಮಾಡುವ ಮುಂಚೆ ಹತ್ತು ಕಾಲ್ಪನಿಕ ಕೇಸ್ ಬರೆದು ಆರು ಘಟಕಗಳಿಗೆ ಕಳಿಸಿದೆವು. ಅದರಲ್ಲಿ ಒಂದು ಹೀಗಿತ್ತು: ಗರ್ಭದ ವಾರಗಳನ್ನೂ ಸೇರಿಸಿ ಎಣಿಸಿದರೆ ಮಗುವಿಗೆ ಇವತ್ತಿಗೆ ಸರಿಯಾಗಿ 36 ವಾರ. ಮೂಗಿಗೆ ಹೈ ಫ್ಲೋ (ಜೋರಾಗಿ ಗಾಳಿ ಹಾಯಿಸುವ ಕೊಳವೆ) ಇದೆ, ಆದರೆ ಅದರಲ್ಲಿ ಹೋಗುತ್ತಿರುವುದು ಮಾಮೂಲಿ ಗಾಳಿ, 21%. ಇದನ್ನು ದೀರ್ಘಕಾಲದ ಶ್ವಾಸಕೋಶದ ತೊಂದರೆ ಅಂತ ಬರೆಯಬೇಕೇ? ಮೂರು ಘಟಕ ಹೌದು ಅಂದವು, ಎರಡು ಇಲ್ಲ ಅಂದವು, ಒಂದು ಖಾಲಿ ಬಿಟ್ಟಿತು. ನಮ್ಮ ಫಾರಂನ ಪ್ರಶ್ನೆಯೇ ಸರಿಯಿರಲಿಲ್ಲ. ಯಾವ ಸಾಧನ, ಎಷ್ಟು ಲೀಟರ್, ಎಷ್ಟು ಶೇಕಡಾ ಆಕ್ಸಿಜನ್ ಅಂತ ಬೇರೆ ಬೇರೆಯಾಗಿ ಕೇಳಿದೆವು. ರೋಗಕ್ಕೆ ಹೆಸರಿಡುವುದನ್ನು ಆಮೇಲೆ ಎಲ್ಲರಿಗೂ ಒಂದೇ ನಿಯಮದಲ್ಲಿ ಮಾಡಿದೆವು. ನೀವೂ ಹೀಗೇ ಮಾಡಿ. ರೋಗದ ಹೆಸರು ಬರೆಸಿಕೊಳ್ಳಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಸಿಕೊಳ್ಳಿ. ವಾರಗಳ ಲೆಕ್ಕಕ್ಕೂ ಇದೇ ಮಾತು. ಮೊದಲ ಮೂರು ತಿಂಗಳ ಸ್ಕ್ಯಾನಿನಿಂದ ಗೊತ್ತಾಯಿತೋ, ಕೊನೆಯ ಮುಟ್ಟಿನ ದಿನದಿಂದಲೋ, ಹುಟ್ಟಿದ ಮೇಲೆ ಮಗುವನ್ನು ನೋಡಿ ಅಂದಾಜು ಮಾಡಿದ್ದೋ? ಅದಕ್ಕೊಂದು ಬೇರೆ ಕಾಲಂ ಇರಲಿ.

ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಎಲ್ಲ ಕಡೆಯೂ ತಿಂಗಳುಗಳು ಬೇಕು, ಒಟ್ಟಿಗೇ ಅರ್ಜಿ ಹಾಕಿ. ಮಾಹಿತಿ ಎಲ್ಲಿರುತ್ತದೆ, ಯಾರು ತೆಗೆಯಬಹುದು, ಲೇಖನದಲ್ಲಿ ಯಾರ ಹೆಸರಿರುತ್ತದೆ ಅನ್ನುವುದು ಒಪ್ಪಂದದಲ್ಲಿ ಇರಲೇಬೇಕು. ಹೆಸರು ಅಳಿಸಿದರೆ ಸಾಲದು. 25 ವಾರದ ತ್ರಿವಳಿ ಮಕ್ಕಳನ್ನು ಹುಟ್ಟಿದ ದಿನಾಂಕದಿಂದಲೇ ಯಾರಾದರೂ ಗುರುತಿಸುತ್ತಾರೆ. ದಿನಾಂಕದ ಬದಲು "ಹುಟ್ಟಿದ 3ನೇ ದಿನ" ಅಂತ ಕಳಿಸಿ.

ಪ್ರಶ್ನೆ ಆರಿಸುವಾಗ ಅಪ್ಪ ಅಮ್ಮಂದಿರನ್ನು ಜೊತೆಗೆ ಕೂರಿಸಿಕೊಳ್ಳಿ. ಪ್ರಯೋಗಗಳಲ್ಲಿ ತಪ್ಪದೆ ಅಳೆಯಬೇಕಾದ 12 ಫಲಿತಾಂಶಗಳ ಪಟ್ಟಿ 2020ರಲ್ಲಿ ಬಂತು. ಅದನ್ನು ಮಾಡುವಾಗ ಪೋಷಕರೂ ಇದ್ದರು, ದಿನ ತುಂಬದೆ ಹುಟ್ಟಿ ದೊಡ್ಡವರಾದವರೂ ಇದ್ದರು. ಇನ್ನು, ಹೆರಿಗೆ ನೋವಿನಲ್ಲಿರುವ ತಾಯಿಯ ಮುಂದೆ ಎಂಟು ಪುಟದ ಒಪ್ಪಿಗೆ ಪತ್ರ ಹಿಡಿಯುವುದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಸಾಧ್ಯವಾದರೆ ಮೊದಲೇ ಮಾತಾಡಿ. ಮಾರನೇ ದಿನ ಮತ್ತೆ ಹೋಗಿ, ಪಕ್ಕದಲ್ಲಿ ಕೂತು, ಇನ್ನೊಮ್ಮೆ ಕೇಳಿ.

ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳು ಸೇರಿ ಮಾಡಿದ ಕಾಂಗರೂ ಆರೈಕೆಯ (ಮಗುವನ್ನು ತಾಯಿಯ ಬರಿ ಎದೆಗೆ ತಾಗಿಸಿ ಇಡುವುದು) ಅಧ್ಯಯನ ನನಗೆ ತುಂಬಾ ಇಷ್ಟ. ಮಗು ಸುಧಾರಿಸಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟರು. 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳು. 28 ದಿನದೊಳಗಿನ ಸಾವು 15.7%ರಿಂದ 12%ಕ್ಕೆ ಇಳಿಯಿತು. ಇದಕ್ಕಾಗಿ ಎನ್‌ಐಸಿಯು ಒಳಗೇ ತಾಯಂದಿರಿಗೆ ಮಂಚ ಹಾಕಬೇಕಾಯಿತು. ನಿಮ್ಮ ಪ್ರಶ್ನೆಗೆ ವಾರ್ಡಿನಲ್ಲಿ ಏನು ಬದಲಾಗಬೇಕು ಅಂತ ಮೊದಲೇ ಅಳೆದು ನೋಡಿ.

ಡಿಸ್ಚಾರ್ಜ್ ಆದ ಮೇಲೂ ಮಕ್ಕಳನ್ನು ಬಿಡಬೇಡಿ. ಉಸಿರು ನಿಲ್ಲುವುದನ್ನು ತಡೆಯಲು ಕೊಡುವ ಕೆಫೀನ್ ಬಗ್ಗೆ ನಡೆದ ದೊಡ್ಡ ಪ್ರಯೋಗದಲ್ಲಿ 11ನೇ ವರ್ಷಕ್ಕೂ ಮಕ್ಕಳನ್ನು ನೋಡಿದರು. ಕೆಫೀನ್ ಪಡೆದವರಲ್ಲಿ ಕೈಕಾಲಿನ ಚಲನೆಯ ತೊಂದರೆ ಕಡಿಮೆ ಇತ್ತು. ಡಿಸ್ಚಾರ್ಜ್ ದಿನವೇ ಅಧ್ಯಯನ ಮುಗಿಸಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗುವಾಗ ಎರಡು ಫೋನ್ ನಂಬರ್ ಕೇಳಿ. ಒಂದು ಅಪ್ಪ ಅಮ್ಮನದು. ಇನ್ನೊಂದು, ಮನೆ ಬದಲಿಸದ ಯಾರಾದರೂ ನೆಂಟರದು, ಅಜ್ಜಿಯದಾದರೆ ಇನ್ನೂ ಒಳ್ಳೆಯದು. ಆ ನಂಬರುಗಳ ಪುಸ್ತಕ ನಿಮ್ಮ ಆಸ್ಪತ್ರೆಯಲ್ಲೇ ಬೀಗ ಹಾಕಿದ ಕಪಾಟಿನಲ್ಲಿರಲಿ, ಮಾಹಿತಿಯ ಜೊತೆ ಹೊರಗೆ ಹೋಗಬಾರದು. ಮಗುವಿನ ಹುಟ್ಟುಹಬ್ಬಕ್ಕೆ ಒಂದು ಫೋನ್ ಮಾಡಿ, ಅವತ್ತು ಅಧ್ಯಯನದ ಮಾತು ಎತ್ತಬೇಡಿ.