ತಿರುವಿನಲ್ಲೇ ಪ್ಲಾಟ್‌ಫಾರ್ಮ್: ನನ್ನ ಅನುಭವ

ಮನೆಯ ಮಾದರಿ ರೈಲಿನ ಪ್ಲಾಟ್‌ಫಾರ್ಮ್‌ಗೆ ಪಿವಿಸಿ ಫೋಮ್ ಶೀಟ್ (ಹಗುರವಾದ ಪ್ಲಾಸ್ಟಿಕ್ ಹಾಳೆ) ನಿಲ್ಲೋದಿಲ್ಲ, ಅದರಲ್ಲೂ ತಿರುವಿನಲ್ಲಿ ಆಗದ ಮಾತು ಅಂತ ಗೆಳೆಯರೆಲ್ಲ ಹೇಳಿದ್ದರು. ಕಟ್ಟಿ ವರ್ಷದ ಮೇಲಾಯಿತು. ಕೂದಲೆಳೆಯಷ್ಟೂ ಸೊಟ್ಟಗಾಗಿಲ್ಲ.

ಅದಕ್ಕೂ ಮೊದಲು ಏನೇನೋ ನೋಡಿದ್ದೆ. ರಟ್ಟಿನ ಒಂದೇ ಬದಿಗೆ ಬಿಳಿ ಗೋಂದು ಬಿದ್ದರೆ ಒಣಗುತ್ತಾ ದೋಣಿಯ ಹಾಗೆ ಬಾಗುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಗಟ್ಟಿ, ಆದರೆ ತಿರುವಿಗೆ ಕೊಯ್ಯುವಾಗ ಮನೆ ತುಂಬ ಧೂಳು. ಥರ್ಮೋಕೋಲ್ ಅಂತೂ ಸ್ಪ್ರೇ ಪೇಂಟ್ ತಾಗಿದ ಕೂಡಲೇ ಕರಗಿ ಗುಂಡಿ ಬಿತ್ತು. ಇಷ್ಟರಲ್ಲೇ ಒಂದು ರೆಡಿಮೇಡ್ ಕಿಟ್‌ನ ದುಡ್ಡು ಹೋಗಿತ್ತು. ಕಿಟ್ ತಂದಿದ್ದರೂ ಅದು ನೇರ ಹಳಿಗಷ್ಟೇ, ಅಲ್ವಾ? ಫೋಮ್ ಶೀಟ್‌ಗೆ ಆದ ಖರ್ಚು ಅದರ ಕಾಲು ಭಾಗವೂ ಇಲ್ಲ.

ಅಸಲಿ ಕೆಲಸ ಅಂಚಿನದು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಚಾಚುತ್ತವೆ. ಲೆಕ್ಕ ಹಾಕುತ್ತಾ ಕೂರಲಿಲ್ಲ. ನನ್ನಲ್ಲಿರುವ ಅತಿ ಉದ್ದದ ಬೋಗಿಗೆ ಪೆನ್ಸಿಲ್ ಅಂಟಿಸಿದೆ. ಒಳಬದಿಯ ಪ್ಲಾಟ್‌ಫಾರ್ಮ್‌ಗೆ ಬೋಗಿಯ ನಡುವೆ, ಹೊರಬದಿಯದಕ್ಕೆ ತುದಿಯಲ್ಲಿ. ಹಳಿ ಪಕ್ಕ ಕಾಗದ ಹಾಸಿ ಕೈಯಲ್ಲೇ ಮೆಲ್ಲಗೆ ತಳ್ಳಿದೆ. ಗೆರೆ ತಾನೇ ಬಿತ್ತು. ಅದರಿಂದ ಒಂದೂವರೆ ಮಿಲಿಮೀಟರ್ ಹಿಂದಕ್ಕೆ ಕತ್ತರಿಸಿದೆ. ಸ್ಟೀಮ್ ಇಂಜಿನ್ ಇದ್ದವರು ಅದನ್ನೂ ಒಮ್ಮೆ ಓಡಿಸಿ ನೋಡಿ. ಬೋಗಿ ದಾಟಿದ ಕಡೆ ಸಿಲಿಂಡರ್ ತಗಲುವುದುಂಟು.

ನನ್ನದು ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು (1:87). ನಿಜವಾದ ಪ್ಲಾಟ್‌ಫಾರ್ಮ್ ಹಳಿಯ ಮೇಲಿಂದ ಇರುವ 760 ಮಿಲಿಮೀಟರ್ ಎತ್ತರ ಇಲ್ಲಿ 9ರ ಹತ್ತಿರ ಬರುತ್ತದೆ. ಹಳಿಯ ಕೆಳಗೆ ಹಾಸುವ ಕಾರ್ಕ್ ಮತ್ತು ಹಳಿ ಸೇರಿ 8 ಅಂದುಕೊಳ್ಳಿ. ಒಟ್ಟು 17. ಹಾಗಾಗಿ 14 ಮಿಲಿಮೀಟರ್ ಎತ್ತರದ ಅಡ್ಡಪಟ್ಟಿಗಳು, ಮೇಲೆ 3 ಮಿಲಿಮೀಟರ್ ಶೀಟ್. ಪಟ್ಟಿಗಳ ನಡುವೆ ಸುಮಾರು ನಾಲ್ಕು ಸೆಂಟಿಮೀಟರ್ ಬಿಟ್ಟೆ. ಒಳಗೆ ಟೊಳ್ಳು ಇರುವುದರಿಂದ ಶೀಟ್ ಉಳಿಯಿತು, ದೀಪದ ವೈರ್ ಎಳೆಯಲೂ ಜಾಗ ಸಿಕ್ಕಿತು.

ನಡುವೆ ಸುಮ್ನೆ ಒಂದು ಪ್ರಯೋಗ. ಡಾಂಬರಿನ ನೆಲಕ್ಕೆ 400 ನಂಬರ್ ಮರಳು ಕಾಗದ ಅಂಟಿಸಿದೆ. ದೂರದಿಂದ ಚೆಂದ, ಆದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಕಿತ್ತು ಹಾಕಿದೆ. ಬ್ಲೇಡಿನ ಬೆನ್ನಿನಿಂದ ಶೀಟ್ ಮೇಲೇ ಕಲ್ಲು ಹಾಸಿನ ಗೆರೆ ಎಳೆದದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ನೋಡಿದವರು ಮುಟ್ಟಿ ನೋಡುತ್ತಾರೆ. ಬಣ್ಣದ ಬೆರಕೆ ಮಾತ್ರ ನನ್ನ ಹತ್ತಿರವೇ ಇರಲಿ. ಅದರಲ್ಲಿ ಕಪ್ಪು ಇಲ್ಲ ಅನ್ನುವಷ್ಟು ಹೇಳುತ್ತೇನೆ.

ಬೇಸ್‌ಬೋರ್ಡಿಗೆ, ಅಂದರೆ ಎಲ್ಲಕ್ಕೂ ಅಡಿಯಲ್ಲಿರುವ ಹಲಗೆಗೆ, ಗೋಂದು ಹಾಕಿಲ್ಲ. ಕೆಳಗಿನಿಂದ ನಾಲ್ಕೈದು ಸ್ಕ್ರೂ ಅಷ್ಟೇ. ಹಳಿ ರಿಪೇರಿ ಬಂದರೆ ಬಿಚ್ಚಿ ಎತ್ತಿಡಬಹುದು.